ಅತ್ತಿ ಹಣ್ಣು ಬಿಚ್ಚಿದ್ರೆ ಬರೀ ಹುಳ, ತಿನ್ನೋರು ಅದು ಹೆಂಗೆ ತಿಂತೀರಾ?

ತೋಟದಮನೆ (ತುಮಕೂರು ಕಡೆ):
ಎಲ್ರಿಗೂ ನಮಸ್ಕಾರ. ನಮ್ಮ ತೋಟದ ಬಾವಿ ಪಕ್ಕ ಒಂದು ಅತ್ತಿ ಮರ ಐತೆ, ಯಾರೂ ನೆಟ್ಟಿದ್ದಲ್ಲ, ಹಕ್ಕಿ ಹಿಕ್ಕೆಯಿಂದ ಬಂದಿರ್ಬೇಕು. ಈ ಸಲ ಬುಡದಿಂದ ಹಿಡಿದು ದಪ್ಪ ಕೊಂಬೆವರ್ಗೂ ಗೊಂಚಲು ಗೊಂಚಲು ಕಾಯಿ ಕಚ್ಚೈತೆ, ನೋಡಿದ್ರೆ ಮರಕ್ಕೆ ಅಮ್ಮ ಆಗಿದೆಯೇನೋ ಅನ್ನಿಸ್ಬೇಕು ಹಂಗೆ. ನಮ್ಮಜ್ಜಿ ಚಿಕ್ಕೋರಿದ್ದಾಗ ದನ ಕಾಯೋಕೆ ಹೋದ್ರೆ ಮಧ್ಯಾಹ್ನದ ಊಟಾನೇ ಇದಂತೆ. ನಾನೂ ಆಸೆಪಟ್ಟು ಕೆಂಪಗಿರೋದೊಂದು ಬಿಚ್ಚಿದೆ, ಎಳ್ಳಿಗಿಂತ ಸಣ್ಣ ಹುಳ ಬುಳುಬುಳು ಅಂತ ಕೈಮೇಲೆಲ್ಲ ಹತ್ತಿದ್ವು, ಅಲ್ಲೇ ಎಸೆದು ಕೈ ತೊಳ್ಕೊಂಡೆ. ಅಜ್ಜಿ ಈಗಿಲ್ಲ, ಕೇಳೋಣ ಅಂದ್ರೆ. ಹುಳ ಇಲ್ದಿರೋ ಹಣ್ಣು ಸಿಗುತ್ತಾ? ಎಲೇನೂ ತಿಂತಾರಂತೆ, ನಿಜಾನಾ? ನಮ್ಮಣ್ಣ ಬೇರೆ ಹಣ್ಣು ಉದುರಿ ಬಾವಿ ನೀರು ಕೆಡುತ್ತೆ, ನೊಣ ಜಾಸ್ತಿ, ಕಡಿಸ್ಬಿಡಾಣ ಅಂತ ಕೂತವ್ನೆ.

ಒಗ್ಗರಣೆ ಸೌಟು (ಸಾಗರ):
ಹಣ್ಣಿನ ಆಸೆ ಬಿಡಿ, ಕಾಯಿ ನೋಡಿ ಮೊದ್ಲು. ಇನ್ನೂ ಹಸಿರಾಗಿ ಗಟ್ಟಿ ಇರ್ಬೇಕು, ಗೋಲಿ ಗಾತ್ರದ್ದು, ಆಗ ಒಳಗೆ ಹುಳ ಬೆಳೆದಿರಲ್ಲ. ಕೈಗೆ ಎಣ್ಣೆ ಹಚ್ಕೊಂಡು ಹೆಚ್ಚಿ, ಇಲ್ಲಾಂದ್ರೆ ಹಾಲು ಅಂಟಿ ಚಾಕೂ ಹಾಳು ಕೈಯೂ ಹಾಳು. ಹೆಚ್ಚಿದ್ದನ್ನ ಸೀದಾ ಮಜ್ಜಿಗೆ ನೀರಿಗೆ ಹಾಕಿಡಿ, ಅರ್ಧ ಗಂಟೆ ಬಿಟ್ಟು ಹಿಂಡಿ ತೆಗೆದ್ರೆ ಒಗರು ಹೋಗುತ್ತೆ, ಆಮೇಲೆ ಪಲ್ಯನೋ ಹುಳಿನೋ ನಿಮ್ಮಿಷ್ಟ.

ಎಲೆ ಅಂದ್ರೆ ಬಲಿತ ಎಲೆ ಅಲ್ಲ ಮತ್ತೆ, ಅದು ಆಡಿಗೆ. ನಮಗೆ ತುದಿಯ ಎಳೇ ಕುಡಿ, ಬೆರಳಲ್ಲಿ ಚಿವುಟಿದ್ರೆ ಪಟ್ ಅನ್ಬೇಕು. ಒಂದು ಹಿಡಿ ಕುಡಿ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ನುಣ್ಣಗೆ ಬೀಸಿ, ಮಜ್ಜಿಗೆ ಬೆರೆಸಿದ್ರೆ ತಂಬುಳಿ. ಬಿಸಿಲುಕಾಲದಲ್ಲಿ ಅನ್ನಕ್ಕೆ ಇದಿದ್ರೆ ನಮ್ಮನೇಲಿ ಸಾರು ಯಾರೂ ಕೇಳಲ್ಲ. ಗಂಟು ಗಂಟು ಎದ್ದಿರೋ ಎಲೆ ಮುಟ್ಬೇಡಿ, ಆ ಗಂಟಿನೊಳಗೂ ಹುಳಾನೇ ಇರೋದು 😄

ಹುಳುಹುಚ್ಚ (ಬೆಂಗಳೂರು):
ಹುಳ ಬೇಡ ಅಂದ್ರೆ ಅತ್ತಿ ಹಣ್ಣೇ ಇಲ್ಲ ಸರ್. ಅದು ಕಾಯಿ ತರ ಕಾಣ್ತದೆ ಅಷ್ಟೆ, ಒಳಗಡೆ ಸಾವಿರಾರು ಸಣ್ಣ ಹೂ ಒಳಮುಖ ಮಾಡ್ಕೊಂಡು ಕೂತಿರ್ತವೆ, ಅತ್ತಿ ಹೂ ಕಂಡೋರಿಲ್ಲ ಅನ್ನೋದು, ಮಧ್ಯರಾತ್ರಿ ಹೂ ಬಿಡುತ್ತೆ ಅನ್ನೋದು ಎಲ್ಲ ಇದಕ್ಕೇ. ನೀವು ನೋಡಿದ್ದು ಪುಟ್ಟ ಕಣಜ, ಕಚ್ಚಲ್ಲ. ಹೆಣ್ಣು ಕಣಜ ಕಾಯಿಯ ಮೂತಿ ಕಡೆಯ ಕಿಂಡಿಯಲ್ಲಿ ತೂರ್ಕೊಂಡು ಒಳಗೆ ಹೋಗ್ತದೆ, ಪರಾಗ ಹಾಕಿ ಮೊಟ್ಟೆ ಇಟ್ಟು ಅಲ್ಲೇ ಸಾಯ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೇನೇ ಇಲ್ಲ, ಅದು ಮಾಡೋ ಕೆಲ್ಸ ಎರಡೇ, ಹೆಣ್ಣಿನ ಜೊತೆ ಕೂಡೋದು, ಗೋಡೆ ಕೊರೆದು ಅವಕ್ಕೆ ದಾರಿ ಬಿಡೋದು. ಹೆಣ್ಣುಗಳು ಹಾರಿ ಹೋದ್ಮೇಲೇ ಹಣ್ಣು ಮೆತ್ತಗಾಗಿ ಸಿಹಿ ಬರೋದು.

ಇವಲ್ದೆ ಹೊರಗಿಂದಾನೇ ಸೂಜಿ ಚುಚ್ಚಿ ಒಳಗಿನ ಮರಿಗಳ ಮೇಲೆ ಮೊಟ್ಟೆ ಇಡೋ ಕಳ್ಳ ಕಣಜಗಳೂ ಇದಾವೆ. ಗಟ್ಟಿ ಕಾಯಿ ಕೊರೆಯೋ ಆ ಸೂಜಿಯ ತುದಿಯಲ್ಲಿ ಸತು ಇರ್ತದೆ ಅಂತ ನಮ್ಮ ಬೆಂಗಳೂರಿನ ಐಐಎಸ್‌ಸಿಯವರೇ 2014ರಲ್ಲಿ ತೋರಿಸಿದ್ರು, ನಂಗಂತೂ ಆ ಫೋಟೋ ನೋಡಿ ಡ್ರಿಲ್ ಬಿಟ್ ನೆನಪಾಯ್ತು. ಅಂಗಡಿ ಅಂಜೂರದಲ್ಲಿ ಯಾಕೆ ಹುಳ ಇಲ್ಲ ಅಂತ ಕೇಳ್ತೀರ ನೀವು, ನಮ್ಮ ಕಡೆ ಬೆಳೆಯೋ ಅಂಜೂರ ತಳಿಗೆ ಕಣಜ ಬೇಕಾಗಿಲ್ಲ, ಪರಾಗ ಬೀಳದೇನೇ ಹಣ್ಣಾಗ್ತದೆ.

ತಿನ್ನೋದು ಹೆಂಗೆ ಅಂದ್ರೆ ಪೂರ್ತಿ ಮೆತ್ತಗಾಗಿ ಪಕ್ಕದಲ್ಲಿ ತೂತು ಬಿದ್ದಿರೋದು ಆರಿಸ್ಕೊಳ್ಳಿ, ಎರಡು ಹೋಳು ಮಾಡಿ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಡಿ, ಉಳಿದಿರೋ ಕಣಜ ತಾವೇ ಎದ್ದು ಹೋಗ್ತವೆ. ಆಮೇಲೂ ದಪ್ಪ ಬಿಳಿ ಹುಳ ಕಂಡ್ರೆ ಅದು ಬೇರೆ ಕಥೆ, ಬಿಸಾಕಿ.

ಭೀಮಾತೀರ (ಕಲಬುರಗಿ):
ನಮ್ಮ ಕಡೆ ಇದನ್ನ ಕಡಿಯೋ ಮಾತೇ ಆಡಂಗಿಲ್ರಿ, ಔದುಂಬರ ಅಂದ್ರ ದತ್ತನ ಗಿಡ. ಗಾಣಗಾಪುರಕ್ಕ ಬಂದು ನೋಡ್ರಿ, ಭೀಮಾ ಅಮರಜಾ ಕೂಡೋ ಸಂಗಮದಾಗ ಔದುಂಬರದ ಕೆಳಗ ಕುಂತು ಗುರುಚರಿತ್ರೆ ಓದೋರು, ಸುತ್ತು ಹಾಕೋರು ಯಾವಾಗ್ಲೂ ಇರ್ತಾರ. ದೇವರ ಮಾತು ಬ್ಯಾಡ ಅಂದ್ರ ನೀರಿನ ಮಾತು ಕೇಳ್ರಿ. ವರಾಹಮಿಹಿರನ ಬೃಹತ್ಸಂಹಿತಾದಾಗ ಅತ್ತಿ ಗಿಡದಿಂದ ಪಡುವಣಕ್ಕ ಮೂರು ಮೊಳ ಬಿಟ್ಟು ಎರಡೂವರೆ ಆಳು ಅಗದ್ರ ನೀರಿನ ಸೆಲೆ ಅಂತ ಬರದಾರ. ಅಳತಿ ಖರೇನೋ ಸುಳ್ಳೋ ನಾ ಅಗದು ನೋಡಿಲ್ಲ, ಆದ್ರ ಹಳ್ಳದ ದಂಡಿಗೆ, ನೀರಿನ ಪಸಿ ಇದ್ದಲ್ಲೇ ಈ ಗಿಡ ಚಲೋ ಬೆಳಿತದ, ಅದಂತೂ ಕಣ್ಣಿಗೆ ಕಾಣೋ ಮಾತು. ನಿಮ್ಮ ಬಾವಿ ಬಾಜೂಕ ಬಂದದ್ದು ಸುಮ್ಮನ ಅಲ್ರಿ.

ತೋಟದಮನೆ:
ಹೆಂಗಿದ್ರೂ ನಮ್ಮಪ್ಪಂಗೆ ಶುಗರ್ ಐತೆ, ಅತ್ತಿ ಬೇರಿನ ನೀರು ಕುಡುದ್ರೆ ವಾಸಿಯಾಗುತ್ತೆ ಅಂತ ಒಬ್ರು ಫೋನ್ ಮಾಡಿ ಹೇಳಿದ್ರು. ರಾತ್ರಿ ಬೇರು ಕತ್ತರಿಸಿ ಮಡಕೆ ಕಟ್ಬೇಕಂತೆ?

ಒಗ್ಗರಣೆ ಸೌಟು:
ಬೇರು ನೀರು ಹಿಡಿಯೋದು ನಮ್ಮ ಕಡೆಯೂ ಇದೆ, ಉಷ್ಣಕ್ಕೆ ಕುಡೀತಾರೆ. ಆದ್ರೆ ಮಾತ್ರೆ ಮಾತ್ರ ನಿಲ್ಲಿಸಬೇಡಿ ದಯವಿಟ್ಟು, ಕುಡಿಯೋದಾದ್ರೂ ಡಾಕ್ಟರಿಗೆ ಹೇಳಿಯೇ ಕುಡೀಲಿ.

ತೋಟದಮನೆ:
ಸರಿ ಅಕ್ಕ. ಭಾನುವಾರ ತಂಬುಳಿ ಮಾಡ್ಸಿದ್ವಿ, ಸ್ವಲ್ಪ ಒಗರು ಉಳೀತು ಆದ್ರೂ ಪಾತ್ರೆ ಖಾಲಿ. ಹಣ್ಣೂ ಬಿಸಿಲಿಗಿಟ್ಟು ತಿಂದೆ, ಸುಳ್ಳು ಹೇಳಲ್ಲ, ಅಂಜೂರದ ರುಚಿ ಇಲ್ಲ, ಸಪ್ಪೆ ಸಿಹಿ, ಬಾಯಲ್ಲಿ ಬೀಜ ಕರಕರ ಅಂತವೆ. ಮೂರನೇದು ತಿನ್ನೋ ಹೊತ್ತಿಗೆ ಹುಳ ನೋಡೋದೇ ಮರ್ತಿದ್ದೆ. ಅಣ್ಣ ಒಂದು ಚೂರೂ ಮುಟ್ಟಿಲ್ಲ. ಬಾವಿ ಮೇಲೆ ಬಲೆ ಹಾಕ್ಸು, ಆಮೇಲೆ ನೋಡಾಣ ಅಂದವ್ನೆ, ಅಡಿಕೆ ಒಣಗಿಸೋ ಹಳೇ ನೆರಳುಬಲೆ ಆದೀತಾ?

ಭೀಮಾತೀರ:
ಆಗ್ತದ್ರಿ, ಬಿಗಿಯಾಗಿ ಇಳಿಜಾರ ಕಟ್ರಿ, ಹಣ್ಣು ಉರುಳಿ ಒಂದು ಕಡಿ ಬೀಳ್ತಾವ. ಬಿದ್ದದ್ದು ದನಕ್ಕ ಹಾಕ್ರಿ.