ಘಾಟಿ ಹತ್ತುವಾಗ ಮಾತ್ರ ವ್ಯಾನ್ ಹೀಟ್ ಆಗ್ತಿದೆ: ಹೆಡ್ ಬಿಚ್ಚಿಸಲೇಬೇಕಾ?

ಪ್ಲಂಬರ್_ಸುಳ್ಯ

ಗಾಡಿ: ಮುಂದಿನ ಸೀಟಿನಡಿ ಇಂಜಿನ್ ಇರುವ 1.2 ಲೀಟರ್ ಪೆಟ್ರೋಲ್ ಕಾರ್ಗೋ ವ್ಯಾನ್, 2016ರದ್ದು, 1,12,000 ಕಿ.ಮೀ. ಓಡಿದೆ. ಏಸಿ ಇಲ್ಲ.

ಸಮತಟ್ಟು ರಸ್ತೆಯಲ್ಲಿ ಎಪ್ಪತ್ತರಲ್ಲಿ ಹೋದರೂ ಟೆಂಪರೇಚರ್ ಮುಳ್ಳು ಅರ್ಧ ದಾಟಲ್ಲ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಎರಡನೇ ಗೇರಿಗೆ ಬಂದು ಹತ್ತು ನಿಮಿಷ ಆಗೋದರೊಳಗೆ ಮುಕ್ಕಾಲಿಗೆ ಹೋಗುತ್ತೆ. ಪಕ್ಕಕ್ಕೆ ಹಾಕಿ ಐಡಲ್‌ನಲ್ಲಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತೆ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ನಷ್ಟು ನೀರು ಕಡಿಮೆ ಆಗ್ತಿದೆ, ಕೆಳಗೆ ಎಲ್ಲೂ ಸೋರಿದ ಗುರುತಿಲ್ಲ. ಮೂರು ತಿಂಗಳ ಹಿಂದೆ ರೇಡಿಯೇಟರ್ ಹೊಸದು ಹಾಕಿದೆ, ಆಗಲೇ ಫ್ಯಾನ್ ಮೋಟರ್ ಕೂಡ ಬದಲಾಯಿತು. ಫ್ಯಾನ್ ತಿರುಗುತ್ತೆ, ನೋಡಿದ್ದೇನೆ. ಈಗ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, 18,000 ಆಗುತ್ತೆ ಅಂತಾರೆ. ಬಿಚ್ಚಿಸೋ ಮೊದಲು ಏನೇನು ನೋಡಬಹುದು?

ಸ್ಪ್ಯಾನರ್13

ಈಗಲೇ ಹೆಡ್ ಮುಟ್ಟಿಸಬೇಡಿ ಅಣ್ಣ. ನೀವು ಹೇಳಿದ ಲಕ್ಷಣ ಗ್ಯಾಸ್ಕೆಟ್‌ಗಿಂತ ಗಾಳಿಯ ಕಡೆ ಬೆರಳು ತೋರಿಸ್ತಿದೆ. ಎಪ್ಪತ್ತರಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತೆ. ಘಾಟಿಯಲ್ಲಿ ಇಪ್ಪತ್ತು–ಇಪ್ಪತ್ತೈದರಲ್ಲಿ ಹತ್ತುವಾಗ ಇಂಜಿನ್ ಪೂರ್ತಿ ದುಡಿಯುತ್ತೆ, ಎದುರುಗಾಳಿ ಮಾತ್ರ ಸಾಕಷ್ಟು ಇರಲ್ಲ, ಭಾರವೆಲ್ಲ ಫ್ಯಾನ್ ಮೇಲೆ ಬೀಳುತ್ತೆ. ಓಮ್ನಿ, ಈಕೋ ತರಹ ಇಂಜಿನ್ ಸೀಟಿನಡಿ, ರೇಡಿಯೇಟರ್ ಮುಂದೆ ಇರುವ ಗಾಡಿಗಳಲ್ಲಿ ಫ್ಯಾನಿನ ತಪ್ಪು ಬೇಗ ಕಣ್ಣಿಗೆ ಬೀಳಲ್ಲ.

ಫ್ಯಾನ್ ತಿರುಗುತ್ತೆ ಅನ್ನೋದು ಸಾಲದು, ಯಾವ ಕಡೆಗೆ ಗಾಳಿ ಎಳೆಯುತ್ತೆ ಅಂತ ನೋಡಿ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಬಿಸಿ ಮಾಡಿ. ಫ್ಯಾನ್ ಶುರುವಾದಾಗ ಅರ್ಧ ಹಾಳೆ ಪೇಪರನ್ನು ಮುಂದಿನ ಗ್ರಿಲ್‌ಗೆ ಹಿಡಿದು ಕೈ ಬಿಡಿ. ಪೇಪರ್ ಅಂಟಿಕೊಂಡು ನಿಲ್ಲಬೇಕು. ಬಿದ್ದರೆ ಎಳೆತ ಸಾಲದು, ಹೊರಗೆ ತಳ್ಳಿದರೆ ಫ್ಯಾನ್ ಉಲ್ಟಾ. ಮೋಟರ್ ಬದಲಿಸಿದ್ದೀರಿ ಅಂದಿದ್ದಕ್ಕೇ ಇದನ್ನು ಮೊದಲು ಹೇಳ್ತಿದ್ದೇನೆ. ಎರಡು ವೈರ್ ಅದಲು ಬದಲಾದರೆ ಡಿಸಿ ಮೋಟರ್ ಉಲ್ಟಾ ತಿರುಗುತ್ತೆ. ಸದ್ದು ಅದೇ, ನೋಡೋಕೂ ಅದೇ.

ಗ್ರಿಲ್ ಮುಂದೆ ಅಂಗಡಿ ಹೆಸರು, ಫೋನ್ ನಂಬರಿನ ಬೋರ್ಡ್ ಕಟ್ಟಿದ್ದೀರಾ? ಕಟ್ಟಿದ್ದರೆ ಬಿಚ್ಚಿ ಪಕ್ಕದ ಬಾಗಿಲಿಗೆ ಹಾಕಿ. ರೇಡಿಯೇಟರಿಗೂ ಬಾಡಿಗೂ ನಡುವೆ ಫೋಮ್ ಪಟ್ಟಿ ಇರುತ್ತೆ. ರೇಡಿಯೇಟರ್ ಬದಲಿಸುವಾಗ ಅದನ್ನು ಎಸೆದುಬಿಟ್ಟಿದ್ದರೆ ಹಿಂದಿನ ಬಿಸಿಗಾಳಿಯೇ ಸುತ್ತಿ ಮುಂದೆ ಬರುತ್ತೆ.

ಇನ್ನೊಂದು. ಹತ್ತು ಕಿ.ಮೀ. ಓಡಿಸಿ ಬಂದು ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿದು ನೋಡಿ (ಮುಟ್ಟಬೇಡಿ). ಒಂದು ಚಕ್ರ ಮಿಕ್ಕವಕ್ಕಿಂತ ತುಂಬಾ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಬ್ರೇಕ್ ಹಿಡಿದ ಗಾಡಿ ಘಾಟಿ ಹತ್ತಿದರೆ ಇಂಜಿನ್ ಹೀಟ್ ಆಗದೆ ಇರಲ್ಲ.

ಕೂಲಿಂಗ್_ಹುಣಸೂರು

ನೀರು ಕಡಿಮೆ ಆಗೋದಕ್ಕೆ ಮೊದಲ ಅನುಮಾನ ರೇಡಿಯೇಟರ್ ಮುಚ್ಚಳದ ಮೇಲೆ ಇಡಿ. ಮುಚ್ಚಳ ಒತ್ತಡ ಹಿಡಿದರೆ ಮಾತ್ರ ನೀರು ನೂರು ದಾಟಿಯೂ ಕುದಿಯದೆ ಇರುತ್ತೆ. 0.9 ಬಾರ್ ಮುಚ್ಚಳ ಸರಿಯಿದ್ದರೆ ಬರೀ ನೀರು ಕೂಡ ಸುಮಾರು 119 ಡಿಗ್ರಿ ತನಕ ಕುದಿಯಲ್ಲ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಒತ್ತಡ ಬಿಟ್ಟರೆ ಕತೆಯೇ ಬೇರೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತೆ. ಘಾಟಿಯ ಮೇಲ್ಭಾಗದಲ್ಲಿ ನಿಮ್ಮ ರೇಡಿಯೇಟರ್ ತೆರೆದ ಪಾತ್ರೆಯೇ ಆಗಿರುತ್ತೆ. ಆವಿಯಾಗಿ ಹೋದ ನೀರಿಗೆ ಕೆಳಗೆ ಗುರುತು ಬೀಳಲ್ಲ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೆಳಿಗ್ಗೆ ಗಾಡಿ ಶುರು ಮಾಡೋ ಮೊದಲು, ಮುಚ್ಚಳ ತೆಗೆದು ನೋಡಿ. ರಬ್ಬರ್ ವಾಷರಿನ ಮೇಲೆ ರೇಡಿಯೇಟರ್ ಬಾಯಿಯ ಗುರುತು ಆಳವಾಗಿ ಬಿದ್ದಿದ್ದರೆ, ನಡುವಿನ ಪುಟ್ಟ ವಾಲ್ವ್ ಎಳೆದು ಬಿಟ್ಟಾಗ ವಾಪಸ್ ಬರದಿದ್ದರೆ ಬದಲಿಸಿ. ಹಳೆಯದರ ಮೇಲೆ ಅಚ್ಚಾದ ಸಂಖ್ಯೆಯದ್ದೇ ತನ್ನಿ, ಗಟ್ಟಿ ಇರಲಿ ಅಂತ ಹೆಚ್ಚು ಒತ್ತಡದ್ದು ಬೇಡ. ಹಳೇ ಹೋಸ್ ಒಡೆಯುತ್ತೆ.

ನೀರಿನ ಬಣ್ಣ ಏನಿದೆ? ತುಕ್ಕಿನ ಬಣ್ಣ ಇದ್ದರೆ ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದೀರಿ. ಅದು ವಾಟರ್ ಪಂಪಿನ ರೆಕ್ಕೆಯನ್ನೂ ತಿನ್ನುತ್ತೆ, ಥರ್ಮೋಸ್ಟ್ಯಾಟನ್ನೂ (ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಹಿಡಿಸುತ್ತೆ. ಥರ್ಮೋಸ್ಟ್ಯಾಟ್ ತೆಗೆದು ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ತೂಗುಬಿಟ್ಟು ಒಲೆ ಮೇಲಿಡಿ, ಪಾತ್ರೆಯ ತಳ ತಾಗಬಾರದು. 82 ಅಥವಾ 88 ಅಂತ ಅದರ ಮೇಲೆ ಬರೆದಿರುತ್ತೆ, ಆ ಡಿಗ್ರಿಗೆ ತೆರೆಯೋಕೆ ಶುರುವಾಗಬೇಕು. ನೀರು ಚೆನ್ನಾಗಿ ಕುದಿಯೋ ಹೊತ್ತಿಗೆ 8 ಮಿ.ಮೀ. ಆಸುಪಾಸು ಬಾಯಿ ಬಿಟ್ಟಿರಬೇಕು. ಕೆಟ್ಟಿದ್ದರೆ ಹೊಸದು ಹಾಕಿ. ತೆಗೆದು ಬಿಸಾಡಿ ಓಡಿಸಿ ಅನ್ನೋ ಸಲಹೆ ಕೇಳಬೇಡಿ. ಆಮೇಲೆ ಊರೊಳಗೆ ಇಂಜಿನ್ ಬಿಸಿಯೇ ಏರದೆ ಪೆಟ್ರೋಲ್ ಕುಡಿಯುತ್ತೆ, ಆಯಿಲ್ ಕೆಸರಾಗುತ್ತೆ.

ಸ್ಪ್ಯಾನರ್13

ಗ್ಯಾಸ್ಕೆಟ್ ಅನುಮಾನ ಬಗೆಹರಿಸೋಕೆ ಹೆಡ್ ಬಿಚ್ಚಬೇಕಾಗಿಲ್ಲ. ತಣ್ಣನೆಯ ಇಂಜಿನ್ ಶುರು ಮಾಡಿ ಒಂದು ನಿಮಿಷದೊಳಗೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ತೆರೆದ ಮುಚ್ಚಳದಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಗ್ಯಾಸ್ಕೆಟ್ ಇರಬಹುದು. ಖಚಿತ ಮಾಡೋಕೆ ಬ್ಲಾಕ್ ಟೆಸ್ಟ್ ಕಿಟ್: ರೇಡಿಯೇಟರ್ ಬಾಯಿಯ ಆವಿಯನ್ನು ನೀಲಿ ದ್ರವದ ಮೂಲಕ ಎಳೆಯಬೇಕು, ಸುಟ್ಟ ಗ್ಯಾಸ್ ಇದ್ದರೆ ಹಳದಿಯಾಗುತ್ತೆ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು ಸಾಲಾಗಿ ಇಡಿ, ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗ್ತಿದೆ.

ಪ್ಲಂಬರ್_ಸುಳ್ಯ

ಎಲ್ಲ ನೋಡಿದೆ. ಗುಳ್ಳೆ ಇಲ್ಲ, ಬ್ಲಾಕ್ ಟೆಸ್ಟಿನಲ್ಲಿ ದ್ರವ ನೀಲಿಯೇ ಉಳಿಯಿತು, ಪ್ಲಗ್ ನಾಲ್ಕೂ ಒಂದೇ ಕಂದು ಬಣ್ಣ. ಚಕ್ರಗಳು ಸಮ ಬಿಸಿ. ಥರ್ಮೋಸ್ಟ್ಯಾಟ್ 82ಕ್ಕೆ ತೆರೆಯಿತು. ಮುಚ್ಚಳದ ರಬ್ಬರ್ ಎರಡು ಕಡೆ ಸೀಳಿದೆ. ಪೇಪರ್ ಮಾತ್ರ ಗ್ರಿಲ್‌ಗೆ ಹಿಡಿದ ತಕ್ಷಣ ನನ್ನ ಕಡೆಗೇ ಹಾರಿತು, ಮೂರು ಸಲ ಹಾಗೇ ಆಯಿತು.

ಆಟೋವೈರಿಂಗ್_ತಿಪಟೂರು

ಸಿಕ್ಕಿತು ಸರ್. ಫ್ಯಾನ್ ಹಿಂದಿನಿಂದ ಮುಂದಕ್ಕೆ ಗಾಳಿ ತಳ್ಳುತ್ತಿದೆ. ಘಾಟಿಯಲ್ಲಿ ನಿಧಾನ ಹತ್ತುವಾಗ ಎದುರುಗಾಳಿಯೂ ಫ್ಯಾನ್ ಗಾಳಿಯೂ ಒಂದನ್ನೊಂದು ತಡೆದು ರೇಡಿಯೇಟರ್ ನಡುವೆ ಗಾಳಿಯೇ ಆಡಲ್ಲ. ನಿಂತಾಗ ಎದುರುಗಾಳಿ ಇರಲ್ಲ, ಉಲ್ಟಾ ಗಾಳಿಯೇ ಅಷ್ಟೋ ಇಷ್ಟೋ ತಣ್ಣಗೆ ಮಾಡುತ್ತೆ. ಅದಕ್ಕೇ ಐಡಲ್‌ನಲ್ಲಿ ಮುಳ್ಳು ಇಳಿಯುತ್ತಿತ್ತು.

ಸರಿಪಡಿಸೋಕೆ ವೈರ್ ಕತ್ತರಿಸಿ ಟೇಪ್ ಸುತ್ತಬೇಡಿ. ಬ್ಯಾಟರಿ ನೆಗೆಟಿವ್ ತೆಗೆಯಿರಿ. ಮೋಟರಿನ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಬಿಡಿಸಿ, ಹಿಂದಿನ ಲಾಕ್ ಸಡಿಲಿಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಪಿನ್ನಿನ ನಾಲಿಗೆ ಒತ್ತಿ ಎರಡೂ ಪಿನ್ ಹೊರಗೆಳೆದು ಅದಲು ಬದಲು ಮಾಡಿ, ‘ಟಿಕ್’ ಅನ್ನೋವರೆಗೆ ಒತ್ತಿ. ಮೋಟರ್ ಕಡೆಯ ಕಪ್ಲರಿನಲ್ಲೇ ಬದಲಿಸಿ, ಗಾಡಿಯ ವೈರಿಂಗ್ ಮುಟ್ಟಬೇಡಿ, ಮುಂದೆ ಇನ್ನೊಂದು ಮೋಟರ್ ಹಾಕುವವರು ಮತ್ತೆ ತಪ್ಪು ಮಾಡ್ತಾರೆ. ಪಿನ್ ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ ಗುರುತಿದ್ದರೆ ಕಪ್ಲರ್ ಹೊಸದೇ ಹಾಕಿ.

ಆಮೇಲೆ ಇಂಜಿನ್ ಓಡ್ತಿರುವಾಗ, ಫ್ಯಾನ್ ತಿರುಗುವಾಗ, ಬ್ಯಾಟರಿ ಟರ್ಮಿನಲ್‌ನಲ್ಲೂ ಫ್ಯಾನ್ ಕಪ್ಲರ್‌ನಲ್ಲೂ ಮಲ್ಟಿಮೀಟರ್ ಇಟ್ಟು ವೋಲ್ಟ್ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ರಿಲೇಯಲ್ಲೋ ಅರ್ಥಿಂಗ್ ವೈರಿನಲ್ಲೋ ತುಕ್ಕಿದೆ.

ಕೂಲಿಂಗ್_ಹುಣಸೂರು

ಹೊಸ ಮುಚ್ಚಳದ ಜೊತೆಗೇ ಹಳೇ ನೀರು ಬಸಿದು ಕೂಲೆಂಟ್ ಹಾಕಿ: ಕಾನ್ಸೆಂಟ್ರೇಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಇಂಥ ಗಾಡಿಯಲ್ಲಿ ಮುಂದಿನಿಂದ ಸೀಟಿನಡಿಗೆ ಉದ್ದದ ಹೋಸ್ ಹೋಗುತ್ತೆ, ಗಾಳಿ ಸಿಕ್ಕಿಕೊಳ್ಳುತ್ತೆ. ಮುಂದಿನ ಚಕ್ರ ಎತ್ತರಕ್ಕೆ ಬರುವಂತೆ ಏರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಮುಚ್ಚಳ ಹಾಕದೆ ನಿಧಾನಕ್ಕೆ ತುಂಬಿ, ಮೇಲಿನ ಹೋಸ್ ಹಿಚುಕುತ್ತಾ ಗಾಳಿ ಬಿಡಿ, ಇಂಜಿನ್ ಶುರು ಮಾಡಿ. ಮಟ್ಟ ಇಳಿದಂತೆ ತುಂಬಿ, ನೀರು ಬಿಸಿಯೇರಿ ಉಕ್ಕುವ ಮೊದಲು ಮುಚ್ಚಳ ಹಾಕಿ. ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲೋವರೆಗೆ ಬಿಡಿ. ರಾತ್ರಿ ತಣ್ಣಗಾದ ಮೇಲೆ ಬೆಳಿಗ್ಗೆ ಕೂಲೆಂಟ್ ಬಾಟ್ಲಿಯ ಮಟ್ಟ ನೋಡಿ.

ಸ್ಪ್ಯಾನರ್13

ಲೋಡ್ ಲೆಕ್ಕವನ್ನೂ ನೋಡಿಕೊಳ್ಳಿ. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತೆ, ಕಳೆದರೆ ಬರುವ ತೂಕದಲ್ಲಿ ನೀವೂ ಹುಡುಗನೂ ಸೇರುತ್ತೀರಿ. ಒಂದಿಂಚಿನ ಮೀಡಿಯಂ ಜಿಐ ಪೈಪ್ ಆರು ಮೀಟರಿಗೆ ಹದಿನಾಲ್ಕೂವರೆ ಕಿಲೋ ತೂಗುತ್ತೆ. ಹತ್ತು ಪೈಪ್ ಕ್ಯಾರಿಯರ್ ಮೇಲೆ ಕಟ್ಟಿದರೆ 145 ಕಿಲೋ, ಅದೂ ತಲೆ ಮೇಲೆ. ಉದ್ದದ ಪೈಪನ್ನು ಸೈಟಿಗೆ ಅಂಗಡಿಯಿಂದಲೇ ಹಾಕಿಸಿಕೊಳ್ಳೋದು ಗಾಡಿಗೂ ಒಳ್ಳೆಯದು, ಇಳಿಯುವಾಗ ಬ್ರೇಕಿಗೂ ಒಳ್ಳೆಯದು.

ಪ್ಲಂಬರ್_ಸುಳ್ಯ

ವೈರ್ ಬದಲಿಸಿದೆ, ಪೇಪರ್ ಈಗ ಗ್ರಿಲ್‌ಗೆ ಅಂಟಿ ನಿಲ್ಲುತ್ತೆ. ವೋಲ್ಟ್ ವ್ಯತ್ಯಾಸ 0.3. ಖರ್ಚು: ಮುಚ್ಚಳ 250, ಕೂಲೆಂಟ್ 700, ಡಿಸ್ಟಿಲ್ಡ್ ನೀರು 60, ಲೇಬರ್ 600, ಒಟ್ಟು 1,610. ಓಬಿಡಿ ಡಾಂಗಲ್ (ಇಂಜಿನ್ ಮಾಹಿತಿಯನ್ನು ಮೊಬೈಲಿಗೆ ಕಳಿಸುವ ಸಾಧನ) ಹಾಕಿ ಟೆಂಪರೇಚರ್ ನೋಡುತ್ತಾ ಅದೇ ಸಾಮಾನಿನೊಂದಿಗೆ ಮಡಿಕೇರಿಗೆ ಹತ್ತಿದೆ, 98 ಡಿಗ್ರಿ ದಾಟಲಿಲ್ಲ. ಇಷ್ಟು ಓಡಿದ ಗಾಡಿಗೆ ಇನ್ನು ಮುಂದೆ ರಿಪೇರಿಗೆ ಎಷ್ಟು ಎತ್ತಿಡಬೇಕು?

ಸ್ಪ್ಯಾನರ್13

ಕಿ.ಮೀ. ಲೆಕ್ಕದಲ್ಲಿ ಎತ್ತಿಡಿ. ಬೆಲೆ ನಿಮ್ಮ ಊರಿನ ಅಂಗಡಿಯಲ್ಲಿ ಕೇಳಿ ಹಾಕಿಕೊಳ್ಳಿ, ಲೆಕ್ಕ ಮಾಡೋ ರೀತಿ ಹೀಗೆ: ಟೈರ್ ನಾಲ್ಕಕ್ಕೆ 14,400, ಅದು 45,000 ಕಿ.ಮೀ. ಬಂದರೆ ಕಿ.ಮೀ.ಗೆ 32 ಪೈಸೆ. ಕ್ಲಚ್ ಲೇಬರ್ ಸೇರಿ 9,000, 60,000ಕ್ಕೆ ಒಂದು ಸಲ, 15 ಪೈಸೆ. ಬ್ರೇಕ್ 13, ಆಯಿಲ್ ಸರ್ವೀಸ್ 25, ಹೋಸ್–ಬೆಲ್ಟ್–ವಾಟರ್ ಪಂಪಿಗೆ 10. ಅಲ್ಲಿಗೆ 95 ಪೈಸೆ. ಹೇಳದೆ ಬರುವ ಖರ್ಚಿಗೆ ಸೇರಿಸಿ ಒಂದೂವರೆ ರೂಪಾಯಿ ಇಡಿ. ತಿಂಗಳಿಗೆ 1,500 ಕಿ.ಮೀ. ಓಡಿದರೆ 2,250. ಗಾಡಿ ನಿಂತ ದಿನದ ಕೂಲಿ ಇದರಲ್ಲಿಲ್ಲ, ಅದಕ್ಕೆ ಹೋಸ್, ಬೆಲ್ಟನ್ನು ಒಡೆಯೋವರೆಗೆ ಕಾಯದೆ ಬದಲಿಸಿ.

ಮೂರು ತಿಂಗಳು ಹೀಟಿನಲ್ಲೇ ಓಡಿದ ಗಾಡಿ ಅದು. ಒಂದು ತಿಂಗಳು ವಾರಕ್ಕೊಮ್ಮೆ ಬೆಳಿಗ್ಗೆ ಬಾಟ್ಲಿಯ ಮಟ್ಟಕ್ಕೆ ಮಾರ್ಕರಿನಿಂದ ಗೀಟು ಹಾಕಿ ನೋಡಿ. ಗೀಟಿನಿಂದ ಇಳಿಯುತ್ತಾ ಹೋದರೆ ಮತ್ತೆ ಬ್ಲಾಕ್ ಟೆಸ್ಟ್ ಮಾಡಿಸಿ. ಮುಂದೆ ಯಾವತ್ತಾದರೂ ಹೆಡ್ ಇಳಿಸುವ ಸಂದರ್ಭ ಬಂದರೆ ಗ್ಯಾಸ್ಕೆಟ್ ಹಾಕೋ ಮೊದಲು ಹೆಡ್ಡಿನ ಮುಖದ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಅದರಡಿ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆ) ನಿಮ್ಮೆದುರಿಗೇ ಹಾಕಿಸಿ. ಎಲ್ಲಾದರೂ ತೂರಿದರೆ ಲೇಥಿಗೆ ಕಳಿಸಿ ಮುಖ ಸಮ ಮಾಡಿಸಿಯೇ ಕೂರಿಸಲಿ.