ಸಹಾಯ ಬೇಕು: ರಕ್ತ ಪರೀಕ್ಷೆ ನಾರ್ಮಲ್, ಆದರೆ ನಾಡಿ ಬಡಿತ 44. ತಂಗಿಯನ್ನು ಅಡ್ಮಿಟ್ ಮಾಡಿಸಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 19 ವರ್ಷ. ಒಂದು ವರ್ಷದಿಂದ ಊಟ ತುಂಬಾ ಕಡಿಮೆ ಮಾಡಿದ್ದಾಳೆ, ತಿಂದರೂ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುತ್ತಾಳೆ. ಇದು ಹಟ ಅಲ್ಲ, ಕಾಯಿಲೆ ಅಂತ ನಮಗೆ ಅರ್ಥವಾಗಿದ್ದೇ ತಡವಾಗಿ. ಮುಟ್ಟು ನಿಂತು ಐದು ತಿಂಗಳಾಯಿತು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಯಾವಾಗಲೂ ಚಳಿ ಅನ್ನುತ್ತಾಳೆ.

ಹೋದ ತಿಂಗಳು ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು. ವಾಂತಿಯಿಂದ ಹೀಗಾಗುತ್ತದೆ, ಇನ್ನೂ ಇಳಿದರೆ ಹೃದಯದ ಬಡಿತ ತಪ್ಪಬಹುದು ಅಂತ ಮಾತ್ರೆ ಕೊಟ್ಟರು. ಈಗ 3.8. ಮನೆ ಹತ್ತಿರದ ಡಾಕ್ಟರ್ ರಿಪೋರ್ಟ್ ನೋಡಿ "ಎಲ್ಲ ನಾರ್ಮಲ್, ಚೆನ್ನಾಗಿ ತಿನ್ನಿಸಿ" ಅಂದರು. ಆದರೆ ಇಸಿಜಿಯಲ್ಲಿ ಬಡಿತ ನಿಮಿಷಕ್ಕೆ 44 ಮಾತ್ರ ಇದೆ! ಓಟಗಾರರಿಗಾದರೆ ಸರಿ ಇರಬಹುದು. ಇವಳು ನಾಲ್ಕು ಮೆಟ್ಟಿಲು ಹತ್ತಿದರೇ ಕೂತುಬಿಡುತ್ತಾಳೆ, ಅದು ಬೇರೆ ಅಲ್ವಾ?

ಮನೋವೈದ್ಯರು ಹೇಳುವುದೇ ಬೇರೆ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಅನ್ನೋ ಲವಣ ಕುಸಿಯಬಹುದಂತೆ. ರೀಫೀಡಿಂಗ್ ಸಿಂಡ್ರೋಮ್ ಅಂತಾರೆ, ಪ್ರಾಣಕ್ಕೇ ಅಪಾಯ. ಅದಕ್ಕೆ ಮೊದಲ ದಿನಗಳು ಆಸ್ಪತ್ರೆಯಲ್ಲೇ ಇರಲಿ ಅಂತಾರೆ. ಫಾಸ್ಫೇಟ್, ಮೆಗ್ನೀಸಿಯಂ ಪರೀಕ್ಷೆಯನ್ನು ಇದುವರೆಗೆ ಯಾರೂ ಬರೆದೇ ಇರಲಿಲ್ಲ. ಅಮ್ಮ ಪಾಪ, ಈಗ ಒಂದು ತುತ್ತು ಜಾಸ್ತಿ ಬಡಿಸೋಕೂ ಹೆದರುತ್ತಾರೆ.

ಇಂಥ ಕೇಸ್ ನೋಡಿದ ಡಾಕ್ಟರ್‌ಗಳು, ಮನೆಯಲ್ಲಿ ಅನುಭವಿಸಿದವರು ದಯವಿಟ್ಟು ಹೇಳಿ. ರಕ್ತ ಪರೀಕ್ಷೆ ಸರಿ ಇದ್ದೂ ಬಡಿತ 44 ಇದ್ದರೆ ತಡ ಮಾಡದೆ ಅಡ್ಮಿಟ್ ಮಾಡಿಸಬೇಕಾ? ಮಾಡಿಸುವುದಾದರೆ ಜನರಲ್ ಮೆಡಿಸಿನ್ ವಿಭಾಗದಲ್ಲೋ, ಮನೋವೈದ್ಯ ವಿಭಾಗದಲ್ಲೋ?