ಕ್ರೌನ್-ಪಿನಿಯನ್, ಲಾಕರ್ ನಾವೇ ಹಾಕಬಹುದಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಕಲೇಶಪುರದ ಸದಸ್ಯರು): ನಮಸ್ಕಾರ ಅಣ್ಣ. ಅಪ್ಪನ ಕಾಲದ ಮಹೀಂದ್ರಾ ಸಿಜೆ-3ಬಿ ಜೀಪು ನಮ್ಮಲ್ಲಿದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿ ತುಂಬಾ ವರ್ಷ ಆಯಿತು. ಈಗ ತೋಟದ ಕೆಲಸಕ್ಕೆ ಮಾತ್ರ ಓಡುತ್ತದೆ. ಮಳೆಗಾಲದಲ್ಲಿ ಮೇಲಿನ ಬ್ಲಾಕ್‌ಗೆ ಹತ್ತುವಾಗ ಹಿಂದಿನ ಒಂದು ಚಕ್ರ ಸುಮ್ನೆ ಸುತ್ತುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಹೋದ ತಿಂಗಳು 28 ಇಂಚಿನ ಟೈರ್ ತೆಗೆದು 31 ಇಂಚಿನದು ಹಾಕಿದೆ. ದೊಡ್ಡ ಟೈರ್ ಹಾಕಿದ ಮೇಲೆ ಕ್ರೌನ್-ಪಿನಿಯನ್ (ಆಕ್ಸಲ್ ನಡುವಿನ ದೊಡ್ಡ-ಸಣ್ಣ ಗೇರ್ ಜೋಡಿ) ಬದಲಿಸಲೇಬೇಕು, ಜೊತೆಗೆ ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಸಾಧನ) ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಬ್ರೇಕ್, ಕ್ಲಚ್, ಹಬ್ ಬೇರಿಂಗ್ ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಇದನ್ನೂ ನಾನೇ ಮಾಡಬಹುದಾ?

ಉತ್ತರ: ನಮಸ್ಕಾರ ಸರ್. ನೀವು ಒಂದು ಕೆಲಸ ಅಂತ ಕೇಳಿದ್ದೀರಿ, ಇವು ಎರಡು ಬೇರೆ ಬೇರೆ ಕೆಲಸ. ಒಂದಕ್ಕೆ ಕೈ ಬೇಕು, ಇನ್ನೊಂದಕ್ಕೆ ಅಳತೆ ಬೇಕು. ಅದಕ್ಕೂ ಮೊದಲು ನಿಮಗೆ ಕ್ರೌನ್-ಪಿನಿಯನ್ ಬದಲಾಯಿಸುವ ಅಗತ್ಯ ಇದೆಯಾ ಅಂತ ನೋಡೋಣ. ಏನೂ ಬಿಚ್ಚಬೇಡಿ. ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಒಂದು ಚಕ್ರವನ್ನು ಯಾರಾದರೂ ಅಲುಗದಂತೆ ಹಿಡಿಯಲಿ. ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಚಾಕ್‌ಪೀಸ್ ಗುರುತು ಹಾಕಿ ಎಣಿಸಿ. ಅದೇ ನಿಮ್ಮ ಆಕ್ಸಲ್ ರೇಷಿಯೋ, ಅಂದರೆ ಎರಡೂ ಚಕ್ರ ಒಟ್ಟಿಗೆ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ.

ಪ್ರಶ್ನೆ (ಸಕಲೇಶಪುರ): ಎಣಿಸಿದೆ ಅಣ್ಣ. ಐದು ಸುತ್ತು ಪೂರ್ತಿ, ಆಮೇಲೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ.

ಉತ್ತರ: ಹಾಗಾದರೆ 5.38. ಕ್ರೌನ್‌ನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 8. ಆ ಜೀಪಿಗೆ ಕಂಪನಿಯಿಂದಲೇ ಬಂದದ್ದು. ಈಗ ಲೆಕ್ಕ ಹಾಕಿ. 5.38ನ್ನು ಹಳೇ ಟೈರ್ 28ರಿಂದ ಗುಣಿಸಿ, ಹೊಸ ಟೈರ್ 31ರಿಂದ ಭಾಗಿಸಿ. 4.86 ಬರುತ್ತದೆ. ಅಂದರೆ ದೊಡ್ಡ ಟೈರ್ ಹಾಕಿದ ಮೇಲೆ ನಿಮ್ಮ ಜೀಪು 4.86 ರೇಷಿಯೋ ಇದ್ದ ಹಾಗೆ ನಡೆದುಕೊಳ್ಳುತ್ತದೆ, ಎಳೆತ ಸ್ವಲ್ಪ ಕಡಿಮೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದದ್ದು 4.88. ಅದು ಪೆಟ್ರೋಲ್ ಎಂಜಿನ್ನಿನ ಗಾಡಿ. ನಿಮ್ಮದು ಡೀಸೆಲ್, ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ, ಮೇಲೆ ಏರಿಗೆ ಅಂತ ಲೋ ರೇಂಜ್ ಗೇರ್ ಬೇರೆ ಇದೆ.

ನಿಮಗೆ ಕ್ರೌನ್-ಪಿನಿಯನ್ ಬೇಡ ಸರ್. ಆ ದುಡ್ಡು ಉಳಿಸಿ. ನಿಮ್ಮ ಗಾಡಿ ನಿಲ್ಲುತ್ತಿರುವುದು ಶಕ್ತಿ ಸಾಲದೆ ಅಲ್ಲ. ಇರುವ ಶಕ್ತಿಯೆಲ್ಲ ಹಿಡಿತ ಇಲ್ಲದ ಚಕ್ರಕ್ಕೆ ಹೋಗುತ್ತಿದೆ, ಅದಕ್ಕೆ. ಲಾಕರ್ ಇರುವುದೇ ಇದಕ್ಕೆ.

ಪ್ರಶ್ನೆ (ಸಕಲೇಶಪುರ): ತುಂಬಾ ಉಪಕಾರ ಆಯಿತು. ಹಾಗಾದರೆ ಲಾಕರ್ ನಾನೇ ಹಾಕಬಹುದಾ? ಏರ್ ಲಾಕರ್ ಒಳ್ಳೆಯದಾ, ಲಂಚ್‌ಬಾಕ್ಸ್ ಲಾಕರ್ ಒಳ್ಳೆಯದಾ?

ಉತ್ತರ: ಎಆರ್‌ಬಿ ಕಂಪನಿಯ ಏರ್ ಲಾಕರ್ ಬೇಕಾದಾಗ ಮಾತ್ರ ಲಾಕ್ ಆಗುತ್ತದೆ, ಬೇಡವಾದಾಗ ಮಾಮೂಲಿ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬಹುದು. ವಸ್ತು ಬಹಳ ಚೆನ್ನಾಗಿದೆ. ಆದರೆ ಅದಕ್ಕೆ ಇಡೀ ಕ್ಯಾರಿಯರ್ (ಕ್ರೌನ್ ಕೂರುವ ಗೂಡು) ಬದಲಾಗುತ್ತದೆ. ಕ್ಯಾರಿಯರ್ ಬದಲಾದರೆ ಅದರ ಬೇರಿಂಗ್, ಶಿಮ್ (ತೆಳು ಲೋಹದ ಹಾಳೆ), ಹಲ್ಲಿನ ಪ್ಲೇ (ಹಲ್ಲುಗಳ ನಡುವಿನ ಸಡಿಲ) ಎಲ್ಲ ಹೊಸದಾಗಿ ಹೊಂದಿಸಬೇಕು. ಹೌಸಿಂಗ್‌ಗೆ ತೂತು ಕೊರೆದು ಗಾಳಿ ಪೈಪ್ ತರಬೇಕು. ಕೊರೆದ ಪುಡಿ ಒಂದು ಚೂರು ಒಳಗೆ ಉಳಿದರೂ ಬೇರಿಂಗ್ ಹೋಯಿತು. ಮೊದಲ ಸಲಕ್ಕೆ ಇದು ಮನೆಯ ಶೆಡ್ಡಿನ ಕೆಲಸ ಅಲ್ಲ.

ಲಂಚ್‌ಬಾಕ್ಸ್ ಲಾಕರ್ ಹಾಗಲ್ಲ. ನಿಮ್ಮ ಹಳೇ ಕ್ಯಾರಿಯರ್ ಒಳಗಿನ ಸಣ್ಣ ಗೇರ್‌ಗಳನ್ನು ತೆಗೆದು ಆ ಜಾಗದಲ್ಲಿ ಕೂರಿಸುವುದು. ಕ್ರೌನ್, ಪಿನಿಯನ್, ಬೇರಿಂಗ್ ಯಾವುದೂ ಬದಲಾಗುವುದಿಲ್ಲ. ನಿಮ್ಮಷ್ಟು ಕೆಲಸ ಗೊತ್ತಿರುವವರು ಇದನ್ನು ಮಾಡಬಹುದು. ಧೈರ್ಯವಾಗಿ ಮಾಡಿ. ಆದರೆ ನಾಲ್ಕು ವಿಷಯದಲ್ಲಿ ಅವಸರ ಬೇಡ.

ಹಿಂದಿನ ಹಬ್ಬು ಟೇಪರ್ ಆಕ್ಸಲ್ ಮೇಲೆ ಕೀಲಿ (ಜಾರದಂತೆ ತಡೆಯುವ ಲೋಹದ ತುಂಡು) ಹಾಕಿ ಕೂರಿಸಿದ್ದು. ಅದು ಸುತ್ತಿಗೆಗೆ ಬರುವುದಿಲ್ಲ. ಆಕ್ಸಲ್ ತುದಿಗೆ ಹೊಡೆದರೆ ಮಧ್ಯದಲ್ಲಿರುವ ಥ್ರಸ್ಟ್ ಬ್ಲಾಕ್‌ಗೂ ಬೇರಿಂಗ್‌ಗೂ ಪೆಟ್ಟು. ಹಬ್ ಪುಲ್ಲರ್ ಬಾಡಿಗೆಗಾದರೂ ತನ್ನಿ. ವಾಪಸ್ ಹಾಕುವಾಗ ಆ ನಟ್ಟು 150 ಅಡಿ-ಪೌಂಡ್‌ಗಿಂತ ಕಡಿಮೆ ಇರಬಾರದು. ಸಡಿಲ ಬಿಟ್ಟರೆ ಕೀಲಿ ಕತ್ತರಿಸಿ ಹೋಗುತ್ತದೆ, ಆ ಚಕ್ರಕ್ಕೆ ಎಂಜಿನ್ನಿನ ಎಳೆತ ಸಿಗುವುದಿಲ್ಲ. ಆರ್ಡರ್ ಮಾಡುವ ಮುಂಚೆ ಆಕ್ಸಲ್ ಎಳೆದು ಅದರ ಒಳತುದಿಯ ಹಲ್ಲು, ಅಂದರೆ ಸ್ಪ್ಲೈನ್, ಎಣಿಸಿ. ಈ ಹಿಂದಿನ ಆಕ್ಸಲ್‌ನಲ್ಲಿ 10 ಇರುವುದೂ ಇದೆ, 19 ಇರುವುದೂ ಇದೆ. ಫೋಟೋ ನೋಡಿ ತರಿಸಬೇಡಿ.

5.38 ಕ್ರೌನ್ ದಪ್ಪ. ಸಣ್ಣ ಗೇರ್‌ಗಳನ್ನು ಹಿಡಿದಿರುವ ನಡುವಿನ ಪಿನ್ ತೆಗೆಯುವಾಗ ಅದರ ಹಲ್ಲಿಗೆ ತಾಗುತ್ತದೆ, ಹಾಗಾಗಿ ಕ್ಯಾರಿಯರ್ ಹೊರಗೆ ತೆಗೆದು ಕ್ರೌನ್ ಬಿಚ್ಚಬೇಕಾಗಿ ಬರಬಹುದು. ತೆಗೆಯುವ ಮುಂಚೆ ಬೇರಿಂಗ್ ಕ್ಯಾಪ್‌ಗಳಿಗೆ ಸೆಂಟರ್ ಪಂಚ್‌ನಿಂದ ಗುರುತು ಹೊಡೆಯಿರಿ. ಎಡದ್ದು ಎಡಕ್ಕೆ, ತಲೆ ಮೇಲಾಗಿ ಇದ್ದದ್ದು ಹಾಗೇ. ಬೇರಿಂಗ್‌ಗಳನ್ನು ಕೀಳಬೇಡಿ, ಅವುಗಳ ಹೊರಗಿನ ಬಳೆ ಅದಲು ಬದಲು ಮಾಡಬೇಡಿ. ಅವು ಹಾಗೇ ಇದ್ದರೆ ಪ್ಲೇ ಕೂಡ ಹಾಗೇ ಉಳಿಯುತ್ತದೆ. ಕ್ರೌನ್ ಬೋಲ್ಟ್ ಹೊಸದು ಹಾಕಿ, ಥ್ರೆಡ್ ಲಾಕ್ ಹಚ್ಚಿ, ಎದುರು ಬದುರಾಗಿ ಬಿಗಿ ಮಾಡಿ.

ಕೊನೆಯದು ಓಡಿಸುವ ವಿಷಯ. ಲಂಚ್‌ಬಾಕ್ಸ್ ತಾನಾಗಿಯೇ ಲಾಕ್ ಆಗುತ್ತದೆ, ನಿಮ್ಮನ್ನು ಕೇಳುವುದಿಲ್ಲ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದರೆ ಗಾಡಿ ನೇರ ಹೋಗಲು ನೋಡುತ್ತದೆ. ಕಾಲು ತೆಗೆದರೆ ಟಕ್ ಟಕ್ ಅಂತ ಬಿಡುತ್ತದೆ. ಒದ್ದೆ ಡಾಂಬರಿನಲ್ಲಿ ಹಿಂಭಾಗ ಜಾರಬಹುದು. ತೋಟಕ್ಕೆ ಮಾತ್ರ ಅಂದಿರಿ, ಅದಕ್ಕೇ ಒಪ್ಪಿದೆ. ಮಳೆಯಲ್ಲಿ ದಿನಾ ಶಿರಾಡಿ ಘಾಟಿ ಇಳಿಯುವ ಗಾಡಿಯಾದರೆ ಬೇಡ ಅನ್ನುತ್ತಿದ್ದೆ.

ಪ್ರಶ್ನೆ (ಕುಶಾಲನಗರದ ಸದಸ್ಯೆ): ಅಣ್ಣಾ, ನಮ್ಮದು ಮಾರುತಿ ಜಿಪ್ಸಿ. ತಮ್ಮನೂ ನಾನೂ ಸೇರಿ ಕೆಲಸ ಮಾಡುತ್ತೇವೆ. ನಮಗೆ ನಿಜವಾಗಿಯೂ ಗೇರ್ ಬೇಕು, ದೊಡ್ಡ ಟೈರ್ ಹಾಕಿದ ಮೇಲೆ ಏರು ದಾರಿಯಲ್ಲಿ ಮೊದಲ ಗೇರಿಗೂ ಉಸಿರುಗಟ್ಟುತ್ತದೆ. ನೀವು ಅಳತೆ ಕೆಲಸ ಅಂದಿರಲ್ಲ, ಅದೇನು ಅಷ್ಟು ಕಷ್ಟ? ಡಯಲ್ ಗೇಜ್ ತಂದರೆ ಆಗುವುದಿಲ್ವಾ?

ಉತ್ತರ: ಆಗುತ್ತದೆ ಅಮ್ಮ, ಆದರೆ ಏನು ಅಳೆಯುತ್ತೀರಿ ಅಂತ ಪೂರ್ತಿ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಪಿನಿಯನ್ ಎಷ್ಟು ಆಳಕ್ಕೆ ಕೂತಿದೆ ಅನ್ನುವುದನ್ನು ಶಿಮ್ ಹಾಕಿ ಹೊಂದಿಸಬೇಕು. ಆ ಶಿಮ್ ಇರುವುದು ಬೇರಿಂಗ್ ಹಿಂದೆ. ಅಂದರೆ ಒಂದು ಸಲ ಆಳ ತಪ್ಪಿದರೆ ಪ್ರೆಸ್‌ನಲ್ಲಿ ಬೇರಿಂಗ್ ಕಿತ್ತು, ಶಿಮ್ ಬದಲಿಸಿ, ಮತ್ತೆ ಒತ್ತಬೇಕು. ಮೊದಲ ಸಲವೇ ಸರಿಯಾಗುವುದು ಅಪರೂಪ. ನಾನೇ ಇವತ್ತಿಗೂ ಎರಡು ಮೂರು ಸಲ ಬಿಚ್ಚಿ ಹಾಕುತ್ತೇನೆ. ಆಮೇಲೆ ಪಿನಿಯನ್ ಬೇರಿಂಗ್ ಮೇಲಿನ ಒತ್ತಡ. ಜಿಪ್ಸಿಯಲ್ಲಿ ಎರಡು ಬೇರಿಂಗ್ ನಡುವೆ ಹಿಸುಕಿಕೊಳ್ಳುವ ಸ್ಪೇಸರ್ ಇದೆ. ನಟ್ಟು ಬಿಗಿ ಮಾಡುತ್ತಾ ಹೋದಂತೆ ಅದು ಕುಗ್ಗುತ್ತದೆ. ಬೇಕಾದ ಬಿಗಿ ಬರುವ ತನಕ ಏನೂ ಗೊತ್ತಾಗುವುದಿಲ್ಲ, ಬಂದ ಮೇಲೆ ಕೂದಲೆಳೆಯಷ್ಟು ಜಾಸ್ತಿ ತಿರುಗಿಸಿದರೂ ದಾಟಿಬಿಡುತ್ತದೆ. ದಾಟಿದರೆ ನಟ್ಟು ಸಡಿಲ ಮಾಡಿ ಸರಿಪಡಿಸುವ ಹಾಗಿಲ್ಲ. ಹೊಸ ಸ್ಪೇಸರ್ ಹಾಕಿ ಮೊದಲಿನಿಂದ ಶುರು. ಈ ಬಿಗಿಯನ್ನು ಅಳೆಯಲು ಇಂಚ್-ಪೌಂಡ್ ಟಾರ್ಕ್ ರೆಂಚ್ ಬೇಕು, ಚಕ್ರದ ನಟ್ಟಿನ ದೊಡ್ಡ ರೆಂಚಿಗೆ ಅದು ಸಿಗುವುದೇ ಇಲ್ಲ.

ಆಮೇಲೆ ಹಲ್ಲಿನ ಪ್ಲೇ. ಈ ಗಾತ್ರದ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್. ಡಯಲ್ ಗೇಜ್ ಬರುವುದು ಇಲ್ಲಿ. ಇಷ್ಟಾದ ಮೇಲೆ ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಹಚ್ಚಿ ತಿರುಗಿಸಿ, ಪಿನಿಯನ್ ಎಲ್ಲಿ ಉಜ್ಜಿದೆ ಅಂತ ನೋಡಬೇಕು. ಗುರುತು ಹಲ್ಲಿನ ಮೇಲಂಚಿಗೆ ಹೋಗಿದ್ದರೆ ಪಿನಿಯನ್ ದೂರ ಇದೆ, ಶಿಮ್ ಜಾಸ್ತಿ ಬೇಕು. ಬುಡಕ್ಕೆ ಇಳಿದಿದ್ದರೆ ತುಂಬಾ ಒಳಗೆ ಬಂದಿದೆ. ಪ್ಲೇ ಅಳತೆ ಸರಿ ಇದ್ದೂ ಗುರುತು ತಪ್ಪಿರಬಹುದು. ಗೇಜ್ ಕೊಂಡವರು ಎಡವುವುದು ಇಲ್ಲೇ. ಗೇಜ್ ನಂಬರ್ ಹೇಳುತ್ತದೆ, ಗುರುತು ಓದುವುದನ್ನು ಕಣ್ಣು ಕಲಿಯಬೇಕು.

ಕೆಲಸ ಕಲಿಯುವಾಗ ಒಬ್ಬರ ಎಸ್ಟೇಟ್ ಜೀಪಿಗೆ ನಾನು ಕೈ ಅಂದಾಜಿನಲ್ಲೇ ಪಿನಿಯನ್ ಬಿಗಿ ಮಾಡಿದ್ದೆ. ಕಾಫಿ ಮೂಟೆ ಹೇರಿಕೊಂಡು ಹೋಗುವಾಗ ಬೇರಿಂಗ್ ಸಡಿಲಾಗಿ ಹಲ್ಲು ಮುರಿಯಿತು, ಹಿಂದಿನ ಚಕ್ರ ಹಿಡಿದುಕೊಂಡಿತು. ಏರಿನಲ್ಲಿ ನಿಧಾನವಾಗಿ ಹೋಗುತ್ತಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಮುರಿದ ಪಿನಿಯನ್ ಇನ್ನೂ ನನ್ನ ಟೂಲ್ ಕಪಾಟಿನಲ್ಲಿದೆ. ಹೊಸ ಹುಡುಗರು ಕೆಲಸಕ್ಕೆ ಬಂದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಆದರೆ ನಿಮ್ಮ ಜಿಪ್ಸಿಗೆ ಒಂದು ಒಳ್ಳೆಯ ದಾರಿ ಇದೆ. ಹಳೇ ಜೀಪಿನಲ್ಲಿ ಡಿಫರೆನ್ಷಿಯಲ್ ಹೌಸಿಂಗ್ ಒಳಗೇ ಕೂತಿರುತ್ತದೆ, ಎಲ್ಲ ಅಳತೆ ಗಾಡಿ ಕೆಳಗೆ ಮಲಗಿಯೇ ಆಗಬೇಕು. ಜಿಪ್ಸಿಯಲ್ಲಿ ಹಾಗಲ್ಲ. ಸುತ್ತಲಿನ ನಟ್ಟು ಬಿಚ್ಚಿದರೆ ಪ್ರೊಪೆಲ್ಲರ್ ಶಾಫ್ಟ್ ಕಡೆಯಿಂದ ಇಡೀ ಡಿಫರೆನ್ಷಿಯಲ್ ಒಂದು ತುಂಡಾಗಿ ಹೊರಗೆ ಬರುತ್ತದೆ. ಹಾಗಾಗಿ ಕೆಲಸ ಹಂಚಿಕೊಳ್ಳಿ. ಆಯಿಲ್ ಇಳಿಸುವುದು, ಆಕ್ಸಲ್ ಎಳೆಯುವುದು, ಡಿಫರೆನ್ಷಿಯಲ್ ಇಳಿಸುವುದು ನೀವಿಬ್ಬರೂ ಮಾಡಿ. ಅವನ್ನು ಚೀಲದಲ್ಲಿ ಸುತ್ತಿ, ಹೊಸ ಗೇರ್ ಜೊತೆಗೆ ಸೆಟ್ಟಿಂಗ್ ಗೊತ್ತಿರುವವರ ಬೆಂಚಿಗೆ ತನ್ನಿ. ಹೊಂದಿಸಿ ಕೊಟ್ಟ ಮೇಲೆ ವಾಪಸ್ ನೀವೇ ಏರಿಸಿ. ಕೂಲಿ ಅರ್ಧಕ್ಕರ್ಧ ಉಳಿಯುತ್ತದೆ, ಕೆಲಸವೂ ಕಲಿತ ಹಾಗಾಗುತ್ತದೆ. ಬೆಂಚಿನ ಹತ್ತಿರ ನಿಂತು ನೋಡಿ. ನೋಡಬೇಡಿ ಅನ್ನುವವರ ಹತ್ತಿರ ಕೊಡಲೇಬೇಡಿ.

ಹಿಂದಿನದು ಅರ್ಧ ದಿನದಲ್ಲಿ ಇಳಿಯುತ್ತದೆ. ಮುಂದಿನದಕ್ಕೆ ಎರಡು ದಿನ ಇಟ್ಟುಕೊಳ್ಳಿ, ಏಕೆಂದರೆ ಆಕ್ಸಲ್ ಎಳೆಯಲು ಎರಡೂ ಕಡೆ ಸ್ಟೀರಿಂಗ್ ನಕಲ್ (ಚಕ್ರ ಹೊರಳಿಸುವ ಕೀಲು) ಬಿಚ್ಚಬೇಕು, ಸೀಲ್ ಹೊಸದು ಹಾಕಬೇಕು, ಮೈಯೆಲ್ಲ ಗ್ರೀಸ್ ಆಗುತ್ತದೆ. ಹಿಂದಿನದು ಮಾತ್ರ ಈಗ ಬದಲಿಸಿ ಮುಂದಿನದು ಆಮೇಲೆ ಅಂತ ಮಾತ್ರ ಮಾಡಬೇಡಿ. ಎರಡರ ರೇಷಿಯೋ ಒಂದೇ ಇರಬೇಕು. ಬೇರೆ ಇದ್ದು ಫೋರ್ ವೀಲ್ ಹಾಕಿದರೆ ಮುಂದಿನದೂ ಹಿಂದಿನದೂ ಒಂದಕ್ಕೊಂದು ಎಳೆದಾಡಿ ಏನಾದರೂ ಮುರಿಯುತ್ತದೆ.

ಇನ್ನೊಂದು ಮಾತು. ನಿಮಗೆ ತೊಂದರೆ ಏರು ದಾರಿಯಲ್ಲಿ ಮಾತ್ರ, ರಸ್ತೆಯಲ್ಲಿ ಪರವಾಗಿಲ್ಲ ಅನ್ನುವುದಾದರೆ ಟ್ರಾನ್ಸ್‌ಫರ್ ಕೇಸ್‌ಗೆ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಲೋ ಗೇರ್ ಸೆಟ್ ಹಾಕುವುದನ್ನು ಯೋಚಿಸಿ. ಒಂದೇ ಪೆಟ್ಟಿಗೆ ಬಿಚ್ಚಿದರೆ ಸಾಕು, ಎರಡೂ ಆಕ್ಸಲ್ ಮುಟ್ಟುವುದು ಬೇಡ, ಹಲ್ಲಿನ ಗುರುತು ನೋಡುವ ಕೆಲಸವೂ ಇಲ್ಲ.

ಪ್ರಶ್ನೆ (ಚಿಕ್ಕಮಗಳೂರಿನ ಸದಸ್ಯರು): ಸರ್, ನಾನು ಕೇಳದೆಯೇ ಮಾಡಿಬಿಟ್ಟೆ. ಗುಜರಿಯಲ್ಲಿ ಒಳ್ಳೆಯ ಕ್ರೌನ್ ಸಿಕ್ಕಿತು, ನನ್ನ ಹಳೇ ಪಿನಿಯನ್ ಜೊತೆ ಹಾಕಿದೆ, ಹಲ್ಲಿನ ಲೆಕ್ಕ ಸರಿ ಇತ್ತು. ಈಗ 40ರ ಮೇಲೆ ಆಕ್ಸಿಲರೇಟರ್ ಕೊಟ್ಟರೆ ಗುಂಯ್ ಅನ್ನುತ್ತದೆ. ಓಡಿಸುತ್ತಾ ಹೋದರೆ ಸವೆದು ಸರಿಹೋಗುತ್ತದಾ?

ಉತ್ತರ: ಹೋಗುವುದಿಲ್ಲ ಸರ್. ದಯವಿಟ್ಟು ಇವತ್ತೇ ನಿಲ್ಲಿಸಿ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಎರಡರ ಮೇಲೂ ಹೊಂದುವ ನಂಬರ್ ಇರುತ್ತದೆ. ಹಲ್ಲಿನ ಲೆಕ್ಕ ಒಂದೇ ಇದ್ದ ಮಾತ್ರಕ್ಕೆ ಬೇರೆ ಜೋಡಿಯದು ಹೊಂದುವುದಿಲ್ಲ. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಸದ್ದು ಬಂದರೆ ಎಳೆಯುವ ಬದಿಯ ಹಲ್ಲು ತಪ್ಪಾಗಿ ಕೂತಿದೆ. ಆಯಿಲ್ ಇಳಿಸಿ ಆಯಸ್ಕಾಂತ ಆಡಿಸಿ ನೋಡಿ. ನುಣ್ಣಗಿನ ಬೂದಿಯಂಥದ್ದು ಬಂದರೆ ಸರಿ, ಬೆರಳಿಗೆ ಚುಚ್ಚುವ ಚೂರು ಬಂದರೆ ಬೇರಿಂಗ್‌ಗಳೂ ಹೋಗಿವೆ ಅಂತ ಲೆಕ್ಕ. ಹೊಸ ಜೋಡಿ ತರುವುದೊಂದೇ ದಾರಿ.

ಹೊಸದು ಹಾಕಿದ ದಿನ ಎಲ್ಲರೂ ಮಾಡಬೇಕಾದದ್ದು ಇದೆ. ಖಾಲಿ ಗಾಡಿಯಲ್ಲಿ ನಿಧಾನವಾಗಿ 25-30 ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಪಿನಿಯನ್ ಹತ್ತಿರ ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿ ಜಾಸ್ತಿ ಆಗಿದೆ, ಮುಂದೆ ಹೋಗಬೇಡಿ. ಮೊದಲ 800 ಕಿಲೋಮೀಟರ್ ಟ್ರೇಲರ್ ಎಳೆಯಬೇಡಿ, ಅಷ್ಟಾದ ಮೇಲೆ ಆಯಿಲ್ ಬದಲಿಸಿ.

ಪ್ರಶ್ನೆ (ಸಕಲೇಶಪುರ): ಅಣ್ಣ, ಪುಲ್ಲರ್ ಸಿಕ್ಕಿತು, ಆಕ್ಸಲ್ ಎಳೆದೆ. 19 ಸ್ಪ್ಲೈನ್. ಎಡಗಡೆ ಬ್ಯಾಕಿಂಗ್ ಪ್ಲೇಟ್ ಹಿಂದೆ ತೆಳ್ಳಗಿನ ಮೂರು ಹಾಳೆ ಇದ್ದವು, ಅವು ಏನು?

ಉತ್ತರ: ಆಕ್ಸಲ್‌ನ ಉದ್ದದ ಪ್ಲೇ ಹೊಂದಿಸುವ ಶಿಮ್ ಅವು. ಕಳೆಯಬೇಡಿ, ಮಡಚಬೇಡಿ, ಅದೇ ಕಡೆಗೆ ಅಷ್ಟೇ ಹಾಕಿ. ಲಾಕರ್ ಕೂರಿಸಿದ ಮೇಲೆ ಹಬ್ಬು ಹಾಕುವ ಮುಂಚೆ ಎರಡೂ ಆಕ್ಸಲ್ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ ನೋಡಿ. ಚೂರೂ ಅಲುಗದಿದ್ದರೆ ಅಲ್ಲೇ ನಿಲ್ಲಿಸಿ, ಕ್ಯಾರಿಯರ್ ಫೋಟೋ ತೆಗೆದು ನನಗೆ ಕಳಿಸಿ. ಎಷ್ಟು ಹೊತ್ತಾದರೂ ನೋಡುತ್ತೇನೆ.